ಹೊಗೆ, ಬೆಂಕಿ ಮತ್ತು ಹಸಿ ಸೌದೆ

‘ಮಗಳು ಪಿಯುಸಿ ಮುಗಿಸಿದ್ದಾಳೆ. ಬಿ.ಎ.ಗೆ ತತ್ತ್ವಶಾಸ್ತ್ರವೇ ಬೇಕು ಎಂದು ಹಟ ಹಿಡಿದಿದ್ದಾಳೆ. ಅದನ್ನು ಓದಿದವರಿಗೆ ಕೆಲಸ ಯಾರು ಕೊಡುತ್ತಾರೆ?’ ಎಂದು ಹಾಸನದಿಂದ ಬರೆದಿದ್ದೀರಿ.

ತತ್ತ್ವಶಾಸ್ತ್ರ ಓದಿದವರೇ ಬೇಕು ಎನ್ನುವ ಹುದ್ದೆ ಹೆಚ್ಚುಕಡಿಮೆ ಅಧ್ಯಾಪನವೊಂದೇ. ಅದಕ್ಕೆ ಎಂ.ಎ.ಯಲ್ಲಿ ಶೇ. 55 ಅಂಕ ತೆಗೆದು ನೆಟ್ ಅಥವಾ ಕೆ-ಸೆಟ್ ಎಂಬ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. ಹುದ್ದೆಗಳು ಕಡಿಮೆ. ಅದೊಂದನ್ನೇ ನಂಬಿ ಸೇರಿಸಬೇಡಿ.

ಆದರೆ ಈ ವಿಷಯ ಓದಿದವರು ಕಲಿಯುವ ಕೆಲಸ ಬೇರೆಯೇ ಇದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನಬಹುದು. ಬೆಂಕಿ ಕಂಡಲ್ಲೆಲ್ಲ ಹೊಗೆಯಿದೆ ಎನ್ನಬಹುದೇ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಯೇಳಲು ಹಸಿ ಸೌದೆಯೂ ಬೇಕು. ಹೀಗೆ ಅವಿತುಕೊಂಡ ಷರತ್ತನ್ನು ನಮ್ಮ ಹಳೆಯ ತರ್ಕಶಾಸ್ತ್ರಜ್ಞರಾದ ನೈಯಾಯಿಕರು ‘ಉಪಾಧಿ’ ಎಂದರು. ‘ಹೋದ ಸಲ ಜಾಹೀರಾತು ಕೊಟ್ಟೆವು, ಮಾರಾಟ ಏರಿತು, ಈ ಸಲವೂ ಕೊಡೋಣ’ ಎಂದು ಮೀಟಿಂಗಿನಲ್ಲಿ ಒಬ್ಬರು ಹೇಳಿದಾಗ, ‘ಹೋದ ಸಲ ದೀಪಾವಳಿ ಇತ್ತಲ್ಲವೇ?’ ಎಂದು ಕೇಳುವವರು ಹುಡುಕುತ್ತಿರುವುದು ಆ ಹಸಿ ಸೌದೆಯನ್ನೇ. ವಕೀಲರಿಗೆ, ಪತ್ರಕರ್ತರಿಗೆ, ಆಡಳಿತಗಾರರಿಗೆ ಇದು ದಿನನಿತ್ಯದ ಕೆಲಸ.

ಬಿ.ಎ. ಆದ ಮೇಲೆ ಮೂರು ವರ್ಷದ ಎಲ್‌ಎಲ್‌.ಬಿ. ಸೇರಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯಕ್ಕೇ 500 ಇದೆ; ತತ್ತ್ವಶಾಸ್ತ್ರವನ್ನು ಅಲ್ಲಿ ಆರಿಸಿಕೊಳ್ಳಬಹುದು. 2013ರಿಂದ ನೀತಿಶಾಸ್ತ್ರದ್ದೇ 250 ಅಂಕಗಳ ಪತ್ರಿಕೆಯೂ ಇದೆ. ಅಲ್ಲಿ ಈ ಓದು ನೇರವಾಗಿ ನೆರವಿಗೆ ಬರುತ್ತದೆ.

ಎಡವುವುದು ಎಲ್ಲಿ ಗೊತ್ತೇ? ಗೈಡು ಉರು ಹೊಡೆಯುವುದರಲ್ಲಿ. ಶಂಕರರ ಮತ ಹೀಗೆ, ರಾಮಾನುಜರದು ಹಾಗೆ ಎಂದು ಬರೆದರೆ ಅಂಕ ಬಂದೀತು, ವಾದಿಸುವ ಶಕ್ತಿ ಬಾರದು. ಮಗಳು ವಾರಕ್ಕೊಂದು ಪುಟ ಬರೆಯಲಿ. ಮೊದಲು ಎದುರಾಳಿಯ ಮಾತು, ಅವನೇ ‘ಹೌದು, ನನ್ನದು ಇದೇ’ ಎನ್ನುವಷ್ಟು ನ್ಯಾಯವಾಗಿ. ಆಮೇಲೆ ತನ್ನ ಆಕ್ಷೇಪ. ಅದಕ್ಕೆ ಅವನು ಕೊಡಬಹುದಾದ ಉತ್ತರ. ಕೊನೆಗೆ ತನ್ನ ತೀರ್ಮಾನ. ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ, ಬಿಟ್ಟು ಸಿದ್ಧಾಂತಕ್ಕೆ, ಅಂದರೆ ತನ್ನ ತೀರ್ಮಾನಕ್ಕೆ, ಹಾರುವುದೇ ಹೊಸಬರ ದೊಡ್ಡ ತಪ್ಪು. ಒಂದು ಪುಟ ಕನ್ನಡದಲ್ಲಿ ಬರೆದರೆ ಮುಂದಿನದು ಇಂಗ್ಲಿಷಿನಲ್ಲಿರಲಿ.

ಜೊತೆಗೆ ಅರ್ಥಶಾಸ್ತ್ರವನ್ನೋ ರಾಜ್ಯಶಾಸ್ತ್ರವನ್ನೋ ತೆಗೆದುಕೊಳ್ಳಲಿ. ವಾದಕ್ಕೆ ಸರಕು ಬೇಕಲ್ಲ. ಫೀಸು ಕಟ್ಟುವ ಮೊದಲು ಕಾಲೇಜಿಗೆ ಹೋಗಿ, ಈ ವಿಷಯಕ್ಕೆ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ವಿಚಾರಿಸಿ. ಬರೆದದ್ದನ್ನು ತಿದ್ದಿಕೊಡುವವರಿಲ್ಲದಿದ್ದರೆ ಬೇರೆ ಕಾಲೇಜು ನೋಡಿ, ಬೇರೆ ವಿಷಯವನ್ನಲ್ಲ.

– ಸಂ.