ಘಾಟಿ ಇಳಿಯುವ ಮುನ್ನ: ಬೈಕ್ ಪ್ರವಾಸದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಆರು ಜನ ಗೆಳೆಯರು ನಾಲ್ಕು ಬೈಕುಗಳಲ್ಲಿ ನವೆಂಬರಿನ ಒಂದು ಭಾನುವಾರ ಶಿವಮೊಗ್ಗದಿಂದ ಹೊರಟು, ಸಕ್ರೆಬೈಲು, ಕುಪ್ಪಳಿ, ಕುಂದಾದ್ರಿ ನೋಡಿಕೊಂಡು, ಆಗುಂಬೆ ಘಾಟಿ ಇಳಿದು ಸೋಮೇಶ್ವರದವರೆಗೆ ಹೋಗಿ, ಮತ್ತೆ ಮೇಲೆ ಬಂದು ಸೂರ್ಯಾಸ್ತ ನೋಡಿ ರಾತ್ರಿ ಮನೆ ಸೇರಬೇಕೆಂದಿದ್ದೇವೆ. ಒಂದು ದಿನ ಸಾಕಾಗುತ್ತದೆಯೇ?
— ಪದವಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ದೂರದ ಲೆಕ್ಕದಲ್ಲಿ ಸಾಕು, ಬೆಳಕಿನ ಲೆಕ್ಕದಲ್ಲಿ ಸಾಲದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಆಗುಂಬೆಗೆ 30 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಘಾಟಿಯದು ಹತ್ತು ಕಿ.ಮೀ. ಆಸುಪಾಸು, ಹೋಗಿ ಬರುವುದು ಎಲ್ಲ ಸೇರಿ 200 ಕಿ.ಮೀ. ಚಿಲ್ಲರೆ. ಒಬ್ಬರೇ ಹೋದರೆ ಇದು ದೊಡ್ಡ ದಾರಿಯಲ್ಲ. ಆದರೆ ನಾಲ್ಕು ಬೈಕುಗಳು ಒಟ್ಟಿಗೆ ಹೊರಟಾಗ ಒಬ್ಬನಿಗೆ ಚಹಾ, ಇನ್ನೊಬ್ಬನಿಗೆ ಫೋಟೊ, ಮತ್ತೊಬ್ಬನಿಗೆ ಪೆಟ್ರೋಲ್ ಎಂದು ನಿಲ್ಲುವ ಪ್ರತಿ ನಿಲುಗಡೆಯೂ ಅರ್ಧ ಗಂಟೆ ನುಂಗುತ್ತದೆ. ಇದನ್ನು ಯಾರೂ ಮೊದಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನವೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಅದನ್ನು ನೋಡಿಯೇ ಹೊರಡುತ್ತೇವೆಂದರೆ, ಹನ್ನೆರಡು ಗಂಟೆ ದಣಿದ ಮೈಯಲ್ಲಿ, ಎದುರಿನಿಂದ ಕಣ್ಣಿಗೆ ರಾಚುವ ಹೈಬೀಮ್ ದೀಪಗಳ ನಡುವೆ, ರಸ್ತೆಯಲ್ಲೇ ಮಲಗಿರುವ ದನಗಳನ್ನು ತಪ್ಪಿಸುತ್ತ 90 ಕಿ.ಮೀ. ಕತ್ತಲಲ್ಲಿ ಬರಬೇಕಾಗುತ್ತದೆ. ಸೂರ್ಯಾಸ್ತವೇ ಮುಖ್ಯವಾದರೆ ಆಗುಂಬೆಯಲ್ಲೋ ತೀರ್ಥಹಳ್ಳಿಯಲ್ಲೋ ರಾತ್ರಿ ತಂಗಿ. ತಂಗಲಾಗದಿದ್ದರೆ ಸೂರ್ಯಾಸ್ತವನ್ನು ಬಿಡಿ. ಮೋಡವಿಲ್ಲದ ದಿನ ಅದು ಸೊಗಸೇ, ಆದರೆ ಕೊನೆಯ ಗಳಿಗೆಯಲ್ಲಿ ಕಡಲ ಮೇಲಿನ ಮೋಡ ಅಡ್ಡ ಬಂದು ಬರಿಗೈಯಲ್ಲಿ ಮರಳಿದ ದಿನಗಳೂ ನನಗೆ ಬೇಕಾದಷ್ಟಿವೆ.

ನಾನಾಗಿದ್ದರೆ ಬೆಳಿಗ್ಗೆ ಐದೂವರೆಗೆ ಹೊರಟು, ತೀರ್ಥಹಳ್ಳಿಯಲ್ಲಿ ತಿಂಡಿ ಮುಗಿಸಿ, ಎಲ್ಲರ ಟ್ಯಾಂಕನ್ನೂ ಅಲ್ಲಿಯೇ ತುಂಬಿಸಿ, ಒಂಬತ್ತರ ಸುಮಾರಿಗೆ ಆಗುಂಬೆ ತಲುಪುತ್ತಿದ್ದೆ. ಮೈಗೆ ಆಯಾಸವಾಗುವ ಮೊದಲೇ ಘಾಟಿಯ 14 ಹೇರ್‌ಪಿನ್ ತಿರುವುಗಳು ಮುಗಿಯಬೇಕು. ಸಕ್ರೆಬೈಲು ನಿಮ್ಮ ಊರಿನ ಬಾಗಿಲಲ್ಲೇ ಇದೆ, ಇನ್ನೊಂದು ಬೆಳಿಗ್ಗೆ ಆನೆಗಳ ಸ್ನಾನ ನೋಡಲು ಹೋಗಬಹುದು. ಕುಂದಾದ್ರಿಯ ಮೇಲಿನ ದಾರಿ ಕಡಿದಾದದ್ದು, ಹಿಂದೆ ಆಳು ಕೂರಿಸಿಕೊಂಡ ಎರಡು ಬೈಕುಗಳಿರುವಾಗ ಬೇಡ. ಕುಪ್ಪಳಿಯನ್ನೂ ಬಿಡಿ ಎನ್ನಲು ಬೇಸರವೇ, ಆದರೆ ಗಡಿಯಾರ ನೋಡುತ್ತ ಕವಿಶೈಲದ ಮೇಲೆ ಕೂರುವುದಕ್ಕಿಂತ ಅದಕ್ಕೆಂದೇ ಒಂದು ದಿನ ಇಡುವುದು ಒಳ್ಳೆಯದು.

ಪ್ರಶ್ನೆ: ನಮ್ಮ ತಂಡದಲ್ಲಿ ಇಬ್ಬರು ವೇಗಿಗಳು, ಒಬ್ಬ ತೀರ ಹೊಸಬ. ಯಾರು ಮುಂದಿರಬೇಕು?
— ಖಾಸಗಿ ಉದ್ಯೋಗಿ, ದಾವಣಗೆರೆ

ಉತ್ತರ: ದಾರಿ ಬಲ್ಲ, ಸಮಾಧಾನದ ಸವಾರ ಮುಂದೆ, ಹೊಸಬ ಅವನ ಬೆನ್ನಿಗೆ, ಎರಡನೆಯವನಾಗಿ, ಎಲ್ಲರಿಗಿಂತ ಅನುಭವಿ ಕೊನೆಯಲ್ಲಿ, ಪಂಕ್ಚರ್ ಸಾಮಾನಿನೊಂದಿಗೆ. ಹೊಸಬನನ್ನು ಕೊನೆಗೆ ಬಿಟ್ಟರೆ, ಮುಂದಿನವರನ್ನು ಹಿಡಿಯುವ ಆತುರದಲ್ಲಿ ತನ್ನ ಕೈಗೆ ಮೀರಿದ ವೇಗದಲ್ಲಿ ಅವನು ತಿರುವಿಗೆ ನುಗ್ಗುತ್ತಾನೆ. ದಾರಿ ಕವಲೊಡೆಯುವ ಕಡೆ ಹಿಂದಿನವನ ದೀಪ ಕನ್ನಡಿಯಲ್ಲಿ ಕಾಣುವವರೆಗೆ ಪ್ರತಿಯೊಬ್ಬನೂ ಕಾಯಬೇಕು. ತೀರ್ಥಹಳ್ಳಿಯಲ್ಲಿ ಹೀಗೆ ಕಾಯದ ಕಾರಣ ನಮ್ಮವನೊಬ್ಬ ಆಗುಂಬೆಯ ಬದಲು ಕೊಪ್ಪದ ದಾರಿ ಹಿಡಿದು, ಫೋನಿಗೂ ಸಿಗದೆ, ನಾವು ಒಂದೂವರೆ ಗಂಟೆ ಬಸ್ ನಿಲ್ದಾಣದ ಎದುರು ನಿಂತಿದ್ದೆವು. ಅವನು ಮಾತ್ರ ದಾರಿಯಲ್ಲಿ ಕಡುಬು ತಿಂದು ಬಂದಿದ್ದ.

ಪ್ರಶ್ನೆ: ಘಾಟಿ ಇಳಿಯುವಾಗ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಯುತ್ತದೆಂದು ಗೆಳೆಯ ಹೇಳುತ್ತಾನೆ. ಇದು ನಿಜವೇ?
— ಬ್ಯಾಂಕ್ ನೌಕರ, ಭದ್ರಾವತಿ

ಉತ್ತರ: ಉಳಿಯುವುದು ಒಂದೆರಡು ಚಮಚ ಪೆಟ್ರೋಲ್, ಅದಕ್ಕೆ ಒತ್ತೆ ಇಡುವುದು ಬ್ರೇಕನ್ನು. ಗಾಡಿ ಗಿಯರಿನಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟೊಡನೆ ಎಂಜಿನ್ನೇ ಹಿಂಬದಿಯ ಚಕ್ರವನ್ನು ಹಿಡಿದು ನಿಧಾನಗೊಳಿಸುತ್ತದೆ. ನ್ಯೂಟ್ರಲ್‌ನಲ್ಲಿ ಆ ಹಿಡಿತ ತಪ್ಪಿ, ಗಾಡಿಯ ಮತ್ತು ಇಬ್ಬರು ಸವಾರರ ಭಾರವನ್ನೆಲ್ಲ ಬ್ರೇಕೊಂದೇ ಹೊರಬೇಕಾಗುತ್ತದೆ. ಎಡೆಬಿಡದೆ ಒತ್ತಿ ಹಿಡಿದ ಬ್ರೇಕ್ ಕಾದು, ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗುಂಬೆಯಲ್ಲೇ, ಕೆಳಗಿನ ಮೂರ್ನಾಲ್ಕು ತಿರುವುಗಳು ಉಳಿದಿರುವಾಗ, ಮುಂದಿದ್ದ ಗೆಳೆಯನ ಗಾಡಿಯಿಂದ ಸುಟ್ಟ ವಾಸನೆ ಬಂತು. ಹಾರ್ನ್ ಹೊಡೆದು ನಿಲ್ಲಿಸಲು ಹೇಳಿದರೆ ಅವನಿಗೆ ನಿಲ್ಲಿಸಲಾಗುತ್ತಿಲ್ಲ. ಮುಂಬ್ರೇಕಿನ ಲಿವರ್ ಹಿಡಿಕೆಗೆ ಮುಟ್ಟಿದ್ದರೂ ಗಾಡಿ ಜಾರುತ್ತಲೇ ಇತ್ತು. ಕೊನೆಗೆ ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಂತ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಡಿಸ್ಕಿನ ಮೇಲೆ ಎರಡು ಹನಿ ನೀರು ಬಿದ್ದಾಗ ಕಾದ ಕಾವಲಿಯ ಮೇಲೆ ಬಿದ್ದಂತೆ ಚುಂಯ್ ಎಂದಿತು. ಅರ್ಧ ಗಂಟೆ ಆರಿದ ಮೇಲೆ ಅದೇ ಬ್ರೇಕ್ ಮತ್ತೆ ಸರಿಯಾಗಿ ಹಿಡಿಯಿತು.

ಇನ್ನೊಂದು ಮಾತು: ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಗಿಯರಿನಲ್ಲಿಯೇ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಎಂಜಿನ್ ಓಡುತ್ತಿರುವಂತೆಯೇ ನ್ಯೂಟ್ರಲ್‌ನಲ್ಲಿ ಇಳಿಯುವವನಿಗೇ ಅದು ಖರ್ಚಾಗುವುದು! ಆದ್ದರಿಂದ ಹತ್ತುವಾಗ ಯಾವ ಗಿಯರ್ ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗಿಯರಿನಲ್ಲಿ, ಅಂದರೆ ಹೇರ್‌ಪಿನ್‌ಗಳಲ್ಲಿ ಒಂದು ಅಥವಾ ಎರಡರಲ್ಲಿ ಇಳಿಯಿರಿ. ತಿರುವಿನ ಒಳಗೆ ಬ್ರೇಕ್ ಒತ್ತದೆ, ಅದಕ್ಕೆ ಮೊದಲೇ ನೇರ ದಾರಿಯಲ್ಲಿ ವೇಗ ಇಳಿಸಿ ಬಿಡಿ. ಕೆಳಗಿನಿಂದ ಹತ್ತಿ ಬರುವ ವಾಹನಕ್ಕೆ ಮೊದಲ ದಾರಿ. ಈ ಘಾಟಿಯಲ್ಲಿ ದೊಡ್ಡ ಬಸ್ಸುಗಳಿಲ್ಲ, ಓಡುವವು ಮಿನಿ ಬಸ್ಸುಗಳೇ; ಆದರೂ ಅವು ಹೊರಳಲು ತಿರುವಿನ ಪೂರ್ತಿ ಅಗಲವನ್ನು ಬಳಸುತ್ತವೆ.

ಪ್ರಶ್ನೆ: ಚಿಕ್ಕಪ್ಪನವರ ಹಳೆಯ ಯೆಜ್ಡಿಯನ್ನು ರಿಪೇರಿ ಮಾಡಿಸಿದ್ದೇನೆ. ಅದರಲ್ಲಿ ಘಾಟಿಗೆ ಹೋಗಬಹುದೇ?
— ಶಾಲಾ ಶಿಕ್ಷಕ, ಮೈಸೂರು

ಉತ್ತರ: ಅದನ್ನು ತಯಾರಿಸಿದ ಊರಿನವರೇ ಕೇಳಿದ್ದೀರಿ, ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅದರ ಬಿಡಿಭಾಗ ಬಲ್ಲ ಮೆಕ್ಯಾನಿಕ್‌ಗಳು ನಿಮ್ಮಲ್ಲಿ ಇನ್ನೂ ಇದ್ದಾರೆ. ಹತ್ತುವುದರಲ್ಲಿ ಅದಕ್ಕೆ ಕಷ್ಟವಿಲ್ಲ, ಇಳಿಯುವುದರಲ್ಲಿ ಮೇಲಿನ ಉತ್ತರ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಟೂ-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿಯುವುದು ಕಡಿಮೆ. ಜೊತೆಗೆ ಅದರ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಹೋಗುವುದರಿಂದ, ಆಕ್ಸಿಲರೇಟರನ್ನು ಬಹಳ ಹೊತ್ತು ಮುಚ್ಚಿಟ್ಟು ಇಳಿದರೆ ಪಿಸ್ಟನ್‌ಗೆ ಆಯಿಲ್ ಸಾಲದೆ ಎಂಜಿನ್ ಸೀಜ್ ಆಗಬಹುದು. ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ಆಕ್ಸಿಲರೇಟರ್ ತಿರುವಿ, ನಾಲ್ಕು ತಿರುವಿಗೊಮ್ಮೆ ನಿಂತು ಬ್ರೇಕ್ ಆರಿಸಿಕೊಳ್ಳಿ. ಡ್ರಮ್ ಬ್ರೇಕಿನ ಶೂಗಳನ್ನು ಹೊರಡುವ ಮೊದಲೇ ಬದಲಿಸಿ.

ಪ್ರಶ್ನೆ: ಆಗುಂಬೆಯನ್ನು ಮಳೆಯಲ್ಲೇ ನೋಡಬೇಕೆಂದು ನನ್ನವರ ಹಟ. ಹಿಂದೆ ಕೂರುವವಳು ನಾನು. ಏನು ಹೇಳಲಿ?
— ಗೃಹಿಣಿ, ಹಾಸನ

ಉತ್ತರ: ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಬೀಳುವ ಊರು ಅದು. ಜುಲೈನಲ್ಲಿ ಹೋದರೆ ನಿಮಗೆ ಕಾಣುವುದು ಮುಂದೆ ಕೂತವರ ರೇನ್‌ಕೋಟಿನ ಬೆನ್ನು. ಮಂಜು ಕವಿದಾಗ ಹೇರ್‌ಪಿನ್‌ಗಳು ಹತ್ತಡಿ ಹತ್ತಿರಕ್ಕೆ ಬರುವವರೆಗೂ ಕಾಣುವುದಿಲ್ಲ, ರಸ್ತೆಯಂಚಿನ ಪಾಚಿ ಸಾಬೂನಿನಂತೆ ಜಾರುತ್ತದೆ, ಇಳಿದು ನಿಂತರೆ ಇಂಬಳ ಕಾಲಿಗೆ ಹತ್ತುತ್ತವೆ. ಅಕ್ಟೋಬರಿನಲ್ಲಿ ಹಸಿರು ಹಾಗೆಯೇ ಇರುತ್ತದೆ, ಝರಿಗಳಲ್ಲಿ ನೀರೂ ಇರುತ್ತದೆ. ಅಲ್ಲಿಯವರೆಗೆ ಕಾಯಲು ಹೇಳಿ. ಹಟ ಬಿಡದಿದ್ದರೆ ಮಿನಿ ಬಸ್ಸಿನಲ್ಲಿ ಹೋಗೋಣ ಎನ್ನಿ, ಕಿಟಕಿಯ ಪಕ್ಕದ ಸೀಟನ್ನು ಮಾತ್ರ ಬಿಟ್ಟುಕೊಡಬೇಡಿ.