ಅಪ್ಪಗೆ ಟಿಬಿ ಗಂಟು ಅಂತ ಹೇಳಿದ್ವಿ, ಈಗ ಟ್ರಯಲ್ ಫಾರ್ಮಿಗೆ ಸೈನ್ ಹಾಕ್ಸೋದು ಹೆಂಗೆ?

ಪ್ರಶ್ನೆ: ನಮಸ್ಕಾರ ಅಕ್ಕಾ. ನಮ್ಮಪ್ಪಗೆ 63 ವರ್ಷ, ಸಾರಿಗೆ ಬಸ್ಸಲ್ಲಿ ಕಂಡಕ್ಟರ್ ಆಗಿ ರಿಟೈರ್ ಆದೋರು. ಕುತ್ತಿಗೇಲಿ ಗಂಟು ಬಂತು, ಮೊದ್ಲು ಟಿಬಿ ಇರ್ಬೋದು ಅಂದ್ರು, ಬಯಾಪ್ಸಿ ಮಾಡ್ಸಿದ್ರೆ ಲಿಂಫೋಮಾ ಅನ್ನೋ ಕ್ಯಾನ್ಸರ್, ಅದ್ರಲ್ಲಿ ಡಿಎಲ್‌ಬಿಸಿಎಲ್ ಅನ್ನೋ ಬಗೆ ಅಂತ ಬಂತು. ಅಪ್ಪಗೆ ಮಾತ್ರ ಇವತ್ತಿಗೂ ಟಿಬಿ ಗಂಟು ಅಂತಾನೇ ಹೇಳಿದೀವಿ. ಆರು ಸೈಕಲ್ ಆರ್-ಚಾಪ್ ಅನ್ನೋ ಕೀಮೋ ಕೊಟ್ರು, ಗಂಟು ಕರಗ್ತು, ಎಂಟು ತಿಂಗಳಿಗೆ ಮತ್ತೆ ಬಂದಿದೆ. ಈಗ ಡಾಕ್ಟ್ರು ಒಂದು ಕ್ಲಿನಿಕಲ್ ಟ್ರಯಲ್ ಇದೆ, ಸೇರಿಸ್ತೀರಾ ಅಂತಿದಾರೆ. ಒಂದು ಗುಂಪಿಗೆ ಮಾಮೂಲಿ ಕೀಮೋ, ಇನ್ನೊಂದಕ್ಕೆ ಅದ್ರ ಜೊತೆ ಹೊಸ ಔಷಧಿ, ಯಾರಿಗೆ ಯಾವ್ದು ಅಂತ ಕಂಪ್ಯೂಟರೇ ಚೀಟಿ ಎತ್ತುತ್ತಂತೆ. ನಮ್ಮ ಕಾಕಾ "ನಮ್ಮಣ್ಣನ್ನ ಇಲಿ ಮಾಡಾಕ ಹೊಂಟೀರೇನು" ಅಂತ ಕೂಗಾಡ್ತಿದಾರೆ. ಪುಣೆಲಿರೋ ಅಣ್ಣ, ಸೈಟ್ ಮಾರಿ ಕಾರ್-ಟಿ ಅನ್ನೋ ದುಬಾರಿ ಚಿಕಿತ್ಸೆ ಮಾಡ್ಸೋಣ ಅಂತಾನೆ. ಟ್ರಯಲ್ ಫಾರ್ಮನ್ನ ಅಪ್ಪನೇ ಓದಿ ಅಪ್ಪನೇ ಸೈನ್ ಹಾಕ್ಬೇಕಂತೆ. ಅವರ ಬದ್ಲು ನಾನು ಹಾಕಿದ್ರೆ ಆಗಲ್ವಾ ಅಕ್ಕಾ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ:

ಅಕ್ಕಾ ಅಂತ ಕರ್ದಿದ್ದೀಯ, ಹಂಗಾಗಿ ನೀನು ಅಂತಾನೇ ಬರೀತೀನಿ, ಬೇಜಾರಾಗ್ಬೇಡ. ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರಲ್ಲ. ನಮ್ಮತ್ತೆ ಜೊತೆ ಎರಡು ವರ್ಷ ಕೀಮೋ ವಾರ್ಡಿನ ಬೆಂಚ್ ಸವೆಸಿದೋಳು, ಆವಾಗಿಂದ ಈ ವಿಷ್ಯ ಎಲ್ಲಿ ಸಿಕ್ಕಿದ್ರೂ ಬಿಡದೆ ಓದೋ ಚಟ ಅಂಟ್ಕೊಂಡಿದೆ, ಅಷ್ಟೇ.

ನಿನ್ನ ಕೊನೇ ಪ್ರಶ್ನೆಗೆ ಉತ್ತರ ಒಂದೇ ಮಾತಲ್ಲಿದೆ: ಆಗಲ್ಲ. ಪ್ರಜ್ಞೆ ಇದೆ, ಬುದ್ಧಿ ನೆಟ್ಟಗಿದೆ, ಓದೋಕೆ ಬರುತ್ತೆ ಅಂದ್ಮೇಲೆ ಅಪ್ಪನೇ ಹಾಕ್ಬೇಕು. ಪೇಷಂಟಿಗೆ ತಾನಾಗೇ ಒಪ್ಪಿಗೆ ಕೊಡೋ ಸ್ಥಿತಿ ಇಲ್ದಿದ್ರೆ ಮಾತ್ರ ಮನೆಯವ್ರು ಹಾಕ್ಬೋದು. ಓದೋಕೆ ಬರದೇ ಇರೋರಿಗೂ ಟ್ರಯಲ್‌ಗೆ ಸಂಬಂಧ ಇಲ್ದಿರೋ ಒಬ್ಬ ಸಾಕ್ಷಿನ ಎದುರಿಗೆ ಕೂರಿಸ್ಕೊಂಡು ಓದಿ ಹೇಳ್ಬೇಕು, ಅದೂ ಅವ್ರಿಗೆ ಅರ್ಥ ಆಗೋ ಭಾಷೇಲಿ. ಇಂಗ್ಲಿಷ್ ಫಾರ್ಮ್ ಮುಂದಿಟ್ಟು ಇಲ್ಲೊಂದು ಸೈನ್ ಮಾಡಿ ಅಂದ್ರೆ ಕನ್ನಡದ್ದು ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ.

ಆದ್ರೆ ನಿನ್ನ ಕಾಗದ ಎರಡ್ಸಲ ಓದಿದ್ಮೇಲೆ ನಂಗನ್ಸಿದ್ದು ಏನಂದ್ರೆ, ಸೈನ್ ಯಾರು ಹಾಕ್ಬೇಕು ಅನ್ನೋದಕ್ಕಿಂತ ಆ ಟಿಬಿ ಗಂಟಿನ ಸುಳ್ಳೇ ನಿನ್ನ ನಿದ್ದೆ ಕೆಡಿಸ್ತಿರೋದು. ಮೂವತ್ತು ಚಿಲ್ಲರೆ ವರ್ಷ ಬಸ್ಸಲ್ಲಿ ದುಡಿದ ಮನುಷ್ಯ, ಯಾರು ಟಿಕೆಟ್ ತಗೊಂಡಿಲ್ಲ ಅಂತ ಮುಖ ನೋಡೇ ಹೇಳೋರು, ಆರು ಸಲ ಆ ಕೆಂಪು ಔಷಧಿ ಏರಿಸ್ಕೊಂಡು, ಉಚ್ಚೆ ಕೆಂಪಗಾಗಿದ್ದು ನೋಡಿ, ತಲೆ ಬೋಳಾಗಿ, ಆಂಕಾಲಜಿ ಅಂತ ಬೋರ್ಡ್ ಹಾಕಿರೋ ಬಾಗಿಲಲ್ಲಿ ಒಂದು ವರ್ಷ ಓಡಾಡಿ, ಇದು ಟಿಬಿ ಅಂತ ನಂಬ್ಕೊಂಡಿದಾರೆ ಅಂತ ನಿನಗೆ ನಿಜವಾಗ್ಲೂ ಅನ್ಸುತ್ತಾ? ನಮ್ಮತ್ತೆಗೂ ನಾವು ಹಿಂಗೇ ಮಾಡಿದ್ವಿ, ರಕ್ತ ಕಮ್ಮಿ ಆಗಿದೆ ಅಂತ ಹೇಳಿಟ್ಟಿದ್ವಿ. ಒಂದಿನ ನಾನು ಕ್ಯಾಂಟೀನಿಂದ ಇಡ್ಲಿ ತಗೊಂಡು ಬರ್ತಿದ್ದೆ, ಕರ್ಟನ್ ಆಚೆಯಿಂದ ಅತ್ತೆ ಪಕ್ಕದ ಬೆಡ್ಡಿನ ಹೆಂಗಸಿಗೆ ಹೇಳ್ತಿದ್ರು, "ನಮ್ಮನೆಯವ್ರ ಮುಂದೆ ಲುಕೇಮಿಯಾ ಅನ್ಬೇಡಮ್ಮಾ, ನಂಗೆ ಗೊತ್ತಿದೆ ಅಂತ ಗೊತ್ತಾದ್ರೆ ಪಾಪ ಹೆದರ್ಕೋತಾರೆ." ಇಡ್ಲಿ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟೆ. ನಾವು ಅವರಿಗೆ ನಾಟಕ ಆಡ್ತಿದ್ವಿ, ಅವ್ರು ನಮಗೆ.

ಈಗ ಕಾಕಾನ ಇಲಿ ವಿಷ್ಯ. ಅವರ ಮೇಲೆ ರೇಗಬೇಡ, ಅವರ ಭಯ ಗಾಳಿಯಿಂದ ಬಂದಿದ್ದಲ್ಲ. ನಮ್ಮ ದೇಶದಲ್ಲಿ ಜನಕ್ಕೆ ಗೊತ್ತಿಲ್ದಂಗೆ ಟ್ರಯಲ್ ಮಾಡಿದ್ದಾರೆ ಅನ್ನೋ ಗಲಾಟೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು, 2013ರಲ್ಲಿ ಕೋರ್ಟು ಸರ್ಕಾರಕ್ಕೆ ಛೀಮಾರಿ ಹಾಕಿತ್ತು. ಆಮೇಲೇ ನಿಯಮ ಬಿಗಿ ಆಗಿದ್ದು, 2019ರಲ್ಲಿ ಹೊಸ ರೂಲ್ಸ್ ಬಂತು. ಈಗ ಟ್ರಯಲ್ ಶುರು ಆಗೋ ಮೊದ್ಲು ಎಥಿಕ್ಸ್ ಕಮಿಟಿ (ಪೇಷಂಟಿಗೆ ಅನ್ಯಾಯ ಆಗ್ದಂಗೆ ನೋಡ್ಕೊಳ್ಳೋ ಸಮಿತಿ) ಒಪ್ಪಬೇಕು, ಸಿಟಿಆರ್‌ಐ ಅನ್ನೋ ಸರ್ಕಾರಿ ರಿಜಿಸ್ಟ್ರಿಲಿ ನಂಬರ್ ಇರ್ಬೇಕು, ಅದು 2009ರಿಂದ ಕಡ್ಡಾಯ, ನೀನೇ ಮೊಬೈಲಲ್ಲಿ ಹುಡುಕ್ಬೋದು. ಟ್ರಯಲ್‌ನಿಂದಲೇ ತೊಂದ್ರೆ ಆದ್ರೆ ಚಿಕಿತ್ಸೆ ಖರ್ಚು ಅವರದ್ದು, ಪರಿಹಾರನೂ ಕೊಡ್ಬೇಕು. ಅಪ್ಪ ಯಾವತ್ತು ಬೇಕಾದ್ರೂ, ಕಾರಣನೇ ಹೇಳದೆ, ಸಾಕು ಅಂತ ಎದ್ದು ಬರ್ಬೋದು, ಬಂದ್ರೂ ಮಾಮೂಲಿ ಟ್ರೀಟ್ಮೆಂಟ್ ನಿಲ್ಲಿಸೋ ಹಂಗಿಲ್ಲ. ಇಲಿಗೆ ಯಾರೂ ಫಾರ್ಮ್ ಕೊಡಲ್ಲ ಅಂತ ಕಾಕಾಗೆ ಹೇಳು.

ಇನ್ನೊಂದು ಹೇಳು ಅವ್ರಿಗೆ. ಅಪ್ಪ ಈಗಾಗ್ಲೇ ತಗೊಂಡಿರೋ ಆರ್-ಚಾಪ್ ಇದೆಯಲ್ಲ, ಅದ್ರಲ್ಲಿ ಒಂದು ಔಷಧಿ ವಿನ್‌ಕ್ರಿಸ್ಟಿನ್. ನಮ್ಮ ಕಡೆ ಹಿತ್ತಿಲಲ್ಲಿ, ಗಟಾರದ ಪಕ್ಕ ಎಲ್ಲಂದ್ರಲ್ಲಿ ಬೆಳೆಯೋ ನಿತ್ಯಪುಷ್ಪದ ಗಿಡದಿಂದ ಬಂದಿದ್ದು. 1950ರ ದಶಕದಲ್ಲಿ ಕೆನಡಾದೋರು ಅದು ಸಕ್ಕರೆ ಕಾಯಿಲೆಗೆ ಆಗುತ್ತೇನೋ ಅಂತ ಪರೀಕ್ಷೆ ಮಾಡೋಕೋದ್ರೆ ಸಕ್ಕರೆ ಇಳೀಲಿಲ್ಲ, ಬಿಳಿ ರಕ್ತಕಣ ಇಳೀತು, ಅಲ್ಲಿಂದ ಶುರು. (ಹಂಗಂತ ಕಾಕಾ ಆ ಎಲೆ ಕುದಿಸಿ ಕಷಾಯ ಮಾಡಿ ತಂದ್ರೆ ದಯವಿಟ್ಟು ಕುಡಿಸ್ಬೇಡ, ಅದು ವಿಷ.) ಮೊದಲ್ನೇ ಅಕ್ಷರ ಆರ್, ಅಂದ್ರೆ ರಿಟುಕ್ಸಿಮ್ಯಾಬ್, ಅದನ್ನ ಚಾಪ್ ಜೊತೆ ಸೇರಿಸ್ಬೇಕಾ ಬೇಡ್ವಾ ಅಂತ ಫ್ರಾನ್ಸ್ ಕಡೆಯೋರು ಟ್ರಯಲ್ ಮಾಡಿದ್ರು, 399 ಜನ, ಎಲ್ಲಾ 60ರಿಂದ 80 ವರ್ಷದೋರು, ಅಪ್ಪನ ವಯಸ್ಸಿನೋರೇ. ಅಲ್ಲೂ ಇದೇ ಚೀಟಿ. 2002ರಲ್ಲಿ ರಿಸಲ್ಟ್ ಬಂತು, ಎರಡು ವರ್ಷ ಆದ್ಮೇಲೆ ಬರೀ ಚಾಪ್ ತಗೊಂಡೋರಲ್ಲಿ 57% ಬದುಕಿದ್ರು, ಆರ್ ಸೇರಿಸ್ಕೊಂಡೋರಲ್ಲಿ 70%. ಅವತ್ತು ಆ ಅಜ್ಜ ಅಜ್ಜೀರು ಸೈನ್ ಹಾಕಿದ್ದಕ್ಕೆ ಅಪ್ಪಗೆ ಆ ಬಾಟ್ಲಿ ಸಿಕ್ತು.

ಇದನ್ನ ಓದಿ ಓಹೋ ಹಂಗಾದ್ರೆ ಹೊಸಾದು ಸಿಕ್ಕಿದ್ರೆ ಲಾಟ್ರಿ ಅಂತ ಅನ್ಕೋಬೇಡ, ಇನ್ನೊಂದು ಕಥೆ ಇದೆ, ನಂಗೆ ಇದೇ ಜಾಸ್ತಿ ಇಷ್ಟ. 70–80ರ ದಶಕದಲ್ಲಿ ಅಮೆರಿಕಾ, ಕೆನಡಾ ಕಡೆ ಚಾಪ್ ಹಳೇದಾಯ್ತು ಅಂತ ಆರೆಂಟು ಔಷಧಿ ಸೇರಿಸಿ ಮ್ಯಾಕಾಪ್-ಬಿ, ಎಂ-ಬಾಕಾಡ್, ಪ್ರೊಮೇಸ್ ಅಂತ ಉದ್ದುದ್ದ ಹೆಸರಿನ ಕಾಂಬಿನೇಷನ್ ಬಂದ್ವು, ಒಂದೊಂದು ಆಸ್ಪತ್ರೆಯೋರೂ ನಮ್ಮದ್ರಲ್ಲಿ ರಿಸಲ್ಟ್ ಎಷ್ಟು ಚೆನ್ನಾಗಿದೆ ನೋಡಿ ಅಂತ ಬರೆದ್ರು, ದೊಡ್ಡ ದೊಡ್ಡ ಡಾಕ್ಟ್ರುಗಳೇ ನಂಬಿದ್ರು. ಕೊನೆಗೆ 899 ಜನರನ್ನ ಚೀಟಿ ಎತ್ತಿ ನಾಲ್ಕು ಗುಂಪು ಮಾಡಿ ನೋಡಿದ್ರೆ, 1993ರಲ್ಲಿ ಬಂದ ಲೆಕ್ಕ ಇದು, ಮೂರು ವರ್ಷಕ್ಕೆ ಬದುಕಿದ್ದೋರು ನಾಲ್ಕೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ, ಅರ್ಧದ ಆಸುಪಾಸು. ಆದ್ರೆ ಔಷಧಿಯ ಹೊಡೆತಕ್ಕೇ ಸತ್ತೋರು ಹಳೇ ಚಾಪಲ್ಲಿ 1%, ಮ್ಯಾಕಾಪ್-ಬಿಲಿ 6%. ಅಂದ್ರೆ ಅಷ್ಟು ವರ್ಷ ಹೊಸದನ್ನ ಹುಡುಕ್ಕೊಂಡು ಹೋದೋರು ಸುಮ್ನೆ ಜಾಸ್ತಿ ನರಳಿದ್ರು. ಡಾಕ್ಟ್ರುಗೇ ಬಿಟ್ಟಿದ್ರೆ ಗಟ್ಟಿಮುಟ್ಟಾಗಿರೋ ಪೇಷಂಟಿಗೆ ಹೊಸ ಔಷಧಿ ಕೊಟ್ಟು, ಚೆನ್ನಾಗಾದಾಗ ಔಷಧಿಯಿಂದಲೇ ಆಯ್ತು ಅಂದ್ಬಿಡ್ತಾರೆ, ಅದಕ್ಕೇ ಕಂಪ್ಯೂಟರ್ ಕೈಗೆ ಚೀಟಿ ಕೊಡೋದು. ಅಪ್ಪಗೆ ಮಾಮೂಲಿ ಗುಂಪು ಬಂದ್ರೆ ಅಯ್ಯೋ ಅಂತ ಕೂರ್ಬೇಡ, ಯಾವ ಗುಂಪಲ್ಲಿರೋದು ಲಾಭ ಅಂತ ಇವತ್ತು ಆ ಡಾಕ್ಟ್ರಿಗೂ ಗೊತ್ತಿಲ್ಲ. ಗೊತ್ತಿದ್ದಿದ್ರೆ ಚೀಟಿ ಎತ್ತೋದೇ ತಪ್ಪು.

ಇನ್ನು ನಿಮ್ಮಣ್ಣ. ಅವನ ಮಾತು ದುಡ್ಡಿನ ಧಿಮಾಕು ಅಂತ ನೀನು ಬರೆದಿದ್ದ ಸಾಲನ್ನ ನಾನು ಮೇಲೆ ಹಾಕಿಲ್ಲ, ಯಾಕಂದ್ರೆ ಅವನ ಮಾತಲ್ಲೂ ಸತ್ಯ ಇದೆ. ಕಾರ್-ಟಿ ಅಂದ್ರೆ ಪೇಷಂಟ್ ರಕ್ತದಿಂದ ಟಿ ಕಣ ತೆಗ್ದು, ಲ್ಯಾಬಲ್ಲಿ ಅದಕ್ಕೆ ಕ್ಯಾನ್ಸರ್ ಕಣದ ಗುರುತು ಹಿಡಿಯೋದು ಕಲಿಸಿ, ಸಂಖ್ಯೆ ಜಾಸ್ತಿ ಮಾಡಿ, ವಾಪಸ್ ಏರಿಸೋದು. ಒಂದು ವರ್ಷದೊಳಗೆ ರೋಗ ವಾಪಸ್ ಬಂದ ನಿಮ್ಮಪ್ಪನಂಥೋರಲ್ಲೇ ಮೂರು ದೊಡ್ಡ ಟ್ರಯಲ್ ನಡೆದ್ವು, ಕೀಮೋ ಕೊಟ್ಟು ಸ್ಟೆಮ್ ಸೆಲ್ (ರಕ್ತ ಹುಟ್ಟಿಸೋ ಮೂಲ ಕಣ) ಟ್ರಾನ್ಸ್‌ಪ್ಲಾಂಟ್ ಮಾಡೋದು ಮೇಲೋ ಕಾರ್-ಟಿ ಮೇಲೋ ಅಂತ. ಮೂರೂ ಬೇರೆ ಬೇರೆ ಕಂಪನಿ ಕಾರ್-ಟಿ. 2021ರ ಡಿಸೆಂಬರಲ್ಲಿ ಮೂರರದ್ದೂ ರಿಸಲ್ಟ್ ಒಟ್ಟಿಗೇ ಬಂತು, ಎರಡರಲ್ಲಿ ಕಾರ್-ಟಿ ಗೆಲ್ತು, ಒಂದರಲ್ಲಿ ಹಳೇದಕ್ಕಿಂತ ಏನೂ ಮೇಲಾಗ್ಲಿಲ್ಲ. ನಮ್ಮಲ್ಲಿ ಐಐಟಿ ಬಾಂಬೆಯೋರೂ ಟಾಟಾ ಮೆಮೋರಿಯಲ್‌ನೋರೂ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಲ್ಲಿ ಪರ್ಮಿಷನ್ ಸಿಕ್ತು, ನಮ್ಮ ಬೆಂಗಳೂರಿನ ಇಮ್ಯುನೀಲ್‌ದು 2025ರ ಜನವರಿಲಿ ಬಂತು. ಅಮೆರಿಕಾದಲ್ಲಿ ಮೂರು ನಾಲ್ಕು ಕೋಟಿ ಆಗೋದು ಇಲ್ಲಿ ಲಕ್ಷಗಳ ಲೆಕ್ಕಕ್ಕೆ ಇಳಿದಿದೆ, ಆದ್ರೂ ಸೈಟ್ ಹೋಗುತ್ತೆ ಅನ್ನೋದು ನಿಜಾನೇ. ನೆಕ್ಸ್‌ಕಾರ್19 ಟ್ರಯಲಲ್ಲಿ 64 ಜನ ಇದ್ರು, ಲೆಕ್ಕಕ್ಕೆ ಸಿಕ್ಕೋರಲ್ಲಿ 73% ಜನಕ್ಕೆ ಔಷಧಿ ಕೇಳ್ತು, ಅಂದ್ರೆ ರೋಗ ತಗ್ಗಿತು. ಕೇಳೋದು ಬೇರೆ, ವಾಸಿ ಆಗೋದು ಬೇರೆ, ಅದ್ರಲ್ಲಿ ಎಷ್ಟೋ ಜನಕ್ಕೆ ಕೆಲವೇ ತಿಂಗಳಲ್ಲಿ ರೋಗ ಮತ್ತೆ ಬಂತು. ಸೈಟ್ ಮಾರೋ ಮೊದ್ಲು ನಿಮ್ಮಣ್ಣ ಇದನ್ನೂ ಓದ್ಲಿ.

ಕಾರ್-ಟಿ ಆದ್ಮೇಲೆ ಏನಾಗುತ್ತೆ ಅಂತ ನಾನು ಒಂದ್ಸಲ ಹತ್ತಿರದಿಂದ ನೋಡಿದೀನಿ, ಗೆಳತಿ ತಮ್ಮನಿಗೆ ಮಾಡ್ಸಿದಾಗ. ಜ್ವರ ಬರುತ್ತೆ, ಬಿಪಿ ಇಳಿಯುತ್ತೆ, ಕೆಲವ್ರಿಗೆ ಮೆದುಳಿಗೂ ತಟ್ಟುತ್ತೆ, ಅದನ್ನ ಕಂಡುಹಿಡಿಯೋಕೆ ದೊಡ್ಡ ಮಿಷನ್ ಏನಲ್ಲ, ಒಂದು ನೋಟ್‌ಬುಕ್. ದಿನಾ ನರ್ಸ್ ಬಂದು ನೂರರಿಂದ ಹತ್ತತ್ತು ಕಮ್ಮಿ ಮಾಡ್ಕೊಂಡು ಎಣಿಸಿ ಅನ್ನೋರು, ಪೆನ್ನು ತೋರ್ಸಿ ಇದೇನು ಅನ್ನೋರು, ಆಮೇಲೆ ಒಂದು ಸಾಲು ಬರೆಸೋರು. ಅವನು ದಿನಾ "ಇವತ್ತು ಬಿಸಿಲು ಚೆನ್ನಾಗಿದೆ" ಅಂತ ಬರೀತಿದ್ದ. ಐದನೇ ದಿನದವರೆಗೂ ಅಕ್ಷರ ಮುತ್ತು ಪೋಣಿಸಿದಂಗಿತ್ತು, ಆರನೇ ದಿನ "ಇವತ್ತು" ಆದ್ಮೇಲೆ ಬರೀ ಗೀಟು, ಪುಟದ ಕೆಳಗಡೆ ಜಾರ್ಕೊಂಡು ಹೋಗಿತ್ತು. ಕೂಡ್ಲೇ ಸ್ಟಿರಾಯ್ಡ್ ಹಾಕಿದ್ರು. ಒಂಬತ್ತನೇ ದಿನ ಮತ್ತೆ ಬಿಸಿಲು ಬಂತು. ಈ ಪರೀಕ್ಷೆ ಮಾಡೋಕೂ ಪೇಷಂಟಿಗೆ ತನಗೆ ಏನಾಗ್ತಿದೆ ಅಂತ ಗೊತ್ತಿರ್ಬೇಕಲ್ಲಮ್ಮಾ, ಟಿಬಿಗೆ ಯಾರು ದಿನಾ ಕಾಪಿ ಬರೆಸ್ತಾರೆ?

ನೋಡು, ಎಲ್ಲಾ ದಾರಿಲೂ ಅಪ್ಪಗೆ ಹೇಳೋ ಜಾಗ ಬಂದೇ ಬರುತ್ತೆ. ಟ್ರಯಲ್ ಆಗ್ಲಿ, ಕಾರ್-ಟಿ ಆಗ್ಲಿ, ಎರಡೂ ಬೇಡ ಮನೇಲಿ ನೆಮ್ಮದಿಯಾಗಿ ಇರ್ತೀನಿ ಅನ್ನೋದಾಗ್ಲಿ (ಅದನ್ನ ಅನ್ನೋ ಹಕ್ಕೂ ಅವರದ್ದೇ, ನೀವು ಮೂರು ಜನ ಜಗಳ ಆಡೋ ಗಲಾಟೇಲಿ ಅದನ್ನ ಯಾರೂ ಎತ್ತೇ ಇಲ್ಲ). ಹೆಂಗೆ ಹೇಳೋದು ಅಂದ್ರೆ, ಕೂರ್ಸ್ಕೊಂಡು ಭಾಷಣ ಮಾಡ್ಬೇಡ. ನಿಮ್ಮ ಕಡೆ ಮಾತಲ್ಲೇ ಕೇಳು, "ಅಪ್ಪಾ, ಈ ಬ್ಯಾನಿ ಏನಂತ ಅನಸ್ತೈತಿ ನಿನಗ?" ಅಂತ. ಕೇಳಿ ಸುಮ್ನಾಗು, ಎಷ್ಟೊತ್ತಾದ್ರೂ ಸರಿ. ಅವ್ರೇ ಕ್ಯಾನ್ಸರ್ ಅಂದ್ಬಿಟ್ರೆ ಹೌದಪ್ಪಾ ಅನ್ನು. ಏನೂ ಕೇಳೋದು ಬೇಡ ನಂಗೆ ಅಂದ್ರೆ ಅವತ್ತಿಗೆ ಬಿಡು, ಆದ್ರೆ ಅವಾಗ ಟ್ರಯಲ್ ಮಾತೂ ಬಿಡ್ಬೇಕು, ಗೊತ್ತಿಲ್ಲದೆ ಸೇರೋಕಾಗಲ್ಲ. ಯಾಕೆ ಮುಚ್ಚಿಟ್ರಿ ಅಂತ ಬೈದ್ರೆ ಬೈಸ್ಕೋ, ಬೈಸ್ಕೊಳ್ಳೋ ಕೆಲ್ಸನೇ ಮಾಡಿದೀರ. ಹೇಳುವಾಗ ಕಾಕಾನೂ ಅಣ್ಣನೂ ಇರೋದು ಬೇಡ, ನೀನೊಬ್ಳೇ ಸಾಕು.

ಡಾಕ್ಟ್ರ ಹತ್ರ ಅಪ್ಪನ ಜೊತೇಲೇ ಹೋಗು, ಹೋದಾಗ ಮುಖ್ಯವಾಗಿ ಇದನ್ನ ಕೇಳು: ಈ ಟ್ರಯಲ್ ಸೇರಿದ್ರೆ ಮುಂದೆ ಟ್ರಾನ್ಸ್‌ಪ್ಲಾಂಟಿಗೆ, ಕಾರ್-ಟಿಗೆ ಬಾಗ್ಲು ತೆರೆದಿರುತ್ತಾ ಮುಚ್ಚುತ್ತಾ? ನನ್ನ ಪ್ರಕಾರ ನಿಮ್ಮಣ್ಣನ ಜಗಳ ಅರ್ಧ ಇಲ್ಲೇ ಮುಗಿಯುತ್ತೆ. ಹೊಸ ಔಷಧಿ ಫ್ರೀ ಅಂತಾರೆ, ಸರಿ, ಅದ್ರ ಜೊತೆ ಕೊಡೋ ಮಾಮೂಲಿ ಕೀಮೋಗೆ, ಸ್ಕ್ಯಾನಿಗೆ ದುಡ್ಡು ಯಾರದ್ದು, ರಾಣೆಬೆನ್ನೂರಿಂದ ಬೆಂಗಳೂರಿಗೆ ಎಷ್ಟು ಸಲ ಬರ್ಬೇಕು, ಬಸ್ ಚಾರ್ಜ್ ಕೊಡ್ತಾರಾ, ಬಯಾಪ್ಸಿ ಇನ್ನೆಷ್ಟು ಸಲ, ಔಷಧಿಯಿಂದ ಗುಣ ಕಂಡ್ರೆ ಟ್ರಯಲ್ ಮುಗಿದ್ಮೇಲೂ ಅದು ಸಿಗುತ್ತಾ ಇಲ್ವಾ, ಇದೆಲ್ಲಾ ಚೀಟಿಲಿ ಬರ್ಕೊಂಡು ಹೋಗು, ಅಲ್ಲಿ ಕೂತಾಗ ಎಲ್ಲಾ ಮರೆತೋಗುತ್ತೆ. ಈಗ್ಲೇ ಸೈನ್ ಹಾಕಿ ಅಂತ ಯಾರಾದ್ರೂ ಅವಸರ ಮಾಡಿದ್ರೆ ಮನೆಗೆ ತಗೊಂಡೋಗಿ ಓದ್ತೀವಿ ಅನ್ನು, ಫಾರ್ಮಲ್ಲಿ ಎಥಿಕ್ಸ್ ಕಮಿಟಿ ಫೋನ್ ನಂಬರ್ ಇರುತ್ತೆ, ಡೌಟ್ ಇದ್ರೆ ಅಲ್ಲಿಗೂ ಫೋನ್ ಮಾಡು. ಆದ್ರೆ ತಿಂಗಳುಗಟ್ಟಲೆ ಯೋಚ್ನೆ ಮಾಡ್ತಾ ಕೂರೋ ಕಾಯಿಲೆ ಅಲ್ಲ ಇದು, ಇಷ್ಟು ಬೇಗ ವಾಪಸ್ ಬಂದಿದ್ದು ಬೇಗನೇ ಬೆಳೆಯುತ್ತೆ, ಹಂಗಾಗಿ ಈ ವಾರದಲ್ಲೇ ಅಪ್ಪನ ಹತ್ರ ಮಾತಾಡು.

ಆಸ್ಪತ್ರೆಗೆ ಹೋಗುವಾಗ ಅವರ ಓದೋ ಕನ್ನಡಕ ಮರೀಬೇಡ. ಆ ಫಾರ್ಮಿನ ಅಕ್ಷರ ತುಂಬಾ ಸಣ್ಣದಿರುತ್ತೆ.