ಮಲ್ಲಯ್ಯ ನಿಮಗೆ ಏನಾಗಬೇಕು?

ಓದುಗರ ಪತ್ರ:

ಸಂಪಾದಕರಿಗೆ ಶರಣು. ನಾನು ಗುಳೇದಗುಡ್ಡದವಳು, ನಿವೃತ್ತ ಕನ್ನಡ ಶಿಕ್ಷಕಿ. ಚಿಕ್ಕಂದಿನಿಂದ ವಚನ ಬಾಯಿಪಾಠ. ಶರಣರು ಹೇಳಿದ ಭಕ್ತಿಯ ಆರು ಮೆಟ್ಟಿಲು, ಷಟ್‌ಸ್ಥಲ, ಅದರ ಮೇಲೆ ಒಂದು ತಾಸು ನಿಂತು ಮಾತಾಡಬಲ್ಲೆ. ಪ್ರವಚನ ಕೇಳಿ ಬರೆದುಕೊಂಡ ನೋಟ್‌ಬುಕ್ಕುಗಳೇ ಒಂದು ಟ್ರಂಕು ತುಂಬ ಇವೆ. ಹೋದ ವರ್ಷ ಯಜಮಾನರಿಗೆ ಎದೆನೋವು ಬಂದು ಬಾಗಲಕೋಟೆಯಲ್ಲಿ ಐಸಿಯುಗೆ ಹಾಕಿದರು. ಹೊರಗೆ ಕುರ್ಚಿಯಲ್ಲಿ ಕೂತು ದೇವರನ್ನು ಕರೆಯಲು ಹೋದೆ. ಬಾಯಿಗೆ ಬಂದದ್ದು ವಚನ, ಅದರ ಬೆನ್ನಿಗೇ ಭಾವಾರ್ಥ. ನನ್ನದು ಅಂತ ಒಂದು ಮಾತೂ ಬರಲಿಲ್ಲ. ಪಕ್ಕದಲ್ಲಿ ನಮ್ಮ ಅತ್ತೆ. ಓದು ಬರಹ ಇಲ್ಲದವರು. ಅವರು ಶ್ರೀಶೈಲದ ಮಲ್ಲಯ್ಯನನ್ನು ತರಾಟೆಗೆ ತೆಗೆದುಕೊಂಡಿದ್ದರು. "ಏನ್ ಮಲ್ಲಯ್ಯಾ, ಸುಮ್ನ ಕುಂತೀಯಲ್ಲ? ವರ್ಷಾ ನಿನ್ನ ಕಡೆ ನಡಕೊಂಡು ಬಂದಾಕಿ ನಾ. ಒಂದು ಸಲನಾದ್ರೂ ಏನರೆ ಬೇಡೀನೇನು? ನಿನ್ನ ಮಗ್ಗಲದಾಗ ಕುಂತಾಳಲ್ಲ ನನ್ನ ಮಗಳು, ಆಕಿ ಅಣ್ಣ ಇಲ್ಲಿ ಮಲಗ್ಯಾನ. ಆಕೀನರೆ ಕೇಳು." ಯಜಮಾನರು ಈಗ ಆರಾಮಾಗಿದ್ದಾರೆ. ನನಗೆ ಮಾತ್ರ ಸಮಾಧಾನ ಇಲ್ಲ. ಇಷ್ಟು ಓದಿದ್ದು ಅಡ್ಡ ಬಂತೇ? ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕಲೇ? ಮನೆಯಲ್ಲಿ ಲಿಂಗಪೂಜೆ ದಿನಾ ಮಾಡುತ್ತೇನೆ, ಕುಕ್ಕರ್ ಮೂರು ಸೀಟಿ ಕೂಗುವುದರೊಳಗೆ ಮುಗಿಯುತ್ತದೆ. ಅತ್ತೆಯ ಹಾಗೆ ಮಾತಾಡಲು ಹೋದರೆ ನಾಟಕ ಅನಿಸುತ್ತದೆ. ಅತ್ತೆಗೆ ಈಗ ನಡೆಯಲಾಗದು, ಈ ಯುಗಾದಿಗೆ ಅವರ ಹರಕೆ ನಾನೇ ತೀರಿಸಬೇಕಂತೆ. ಹೋಗಲೇ?

ಸಂಪಾದಕರ ಉತ್ತರ:

ಅಕ್ಕಾವರೇ, ಶರಣು ಶರಣಾರ್ಥಿ.

ನಮಗೆ ಬರುವ ಪತ್ರಗಳಲ್ಲಿ ಜಾಸ್ತಿ ತಿದ್ದುಪಡಿಯ ಪತ್ರಗಳೇ. ನೀವು ಹೇಳಿದ ಅರ್ಥ ಸರಿಯಿಲ್ಲ, ಆ ವಚನ ಅವರದ್ದಲ್ಲ ಇವರದ್ದು, ಇಂಥವು. ದೇವರ ವಿಷಯ ಇಷ್ಟೆಲ್ಲ ಗೊತ್ತು, ದೇವರು ಗೊತ್ತಿಲ್ಲ ಎಂದು ಬರೆದವರು ಬಹಳ ಕಡಿಮೆ. ಅದಕ್ಕೇ ನಿಮ್ಮ ಪತ್ರಕ್ಕೆ ಇಷ್ಟು ಪುಟ.

ಮೊದಲು ಅತ್ತೆಯ ಮಾತನ್ನೇ ನೋಡೋಣ. ಅವರು ಬೇಡಿಕೊಳ್ಳುತ್ತಿಲ್ಲ, ಗಮನಿಸಿದಿರಾ? ಬೀಗರ ಮನೆಯಲ್ಲಿ ಕೂತು ಹಕ್ಕಿನ ಮಾತಾಡುತ್ತಿದ್ದಾರೆ. ಬೇರೆ ಸೀಮೆಯ ಓದುಗರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರಿಗೆ ಶ್ರೀಶೈಲದ ಭ್ರಮರಾಂಬೆ ತವರಿನಿಂದ ಕೊಟ್ಟ ಮಗಳು. ಮಲ್ಲಿಕಾರ್ಜುನ, ಅಂದರೆ ಮಲ್ಲಯ್ಯ, ಅಳಿಯ. ಯುಗಾದಿ ಹತ್ತಿರ ಬಂತೆಂದರೆ ಹರಕೆಯ ಕಂಬಿಯನ್ನು (ಕಾವಡಿ) ಹೆಗಲ ಮೇಲೆ ಹೊತ್ತು, ಮಗಳಿಗೆ ಸೀರೆ ಕಟ್ಟಿಕೊಂಡು ಜನ ನಡೆದೇ ಹೊರಡುತ್ತಾರೆ. ಅಳಿಯನ ಮೇಲೆ ಸಿಟ್ಟಾಗುವ ಸಲಿಗೆ ಅತ್ತೆಗೆ ಇರುತ್ತದೆ ಅಲ್ವಾ? ನಿಮ್ಮ ಅತ್ತೆ ಅದನ್ನೇ ಬಳಸಿದರು. ಒಳಗೆ ಮಲಗಿದ್ದವನು ತನ್ನ ಮಗ ಎಂದು ಅವರು ಹೇಳಲಿಲ್ಲ. ನಿನ್ನ ಹೆಂಡತಿಯ ಅಣ್ಣ ಎಂದರು. ಒಳ್ಳೆಯ ವಕೀಲರಿಗೂ ಆ ಗಳಿಗೆಯಲ್ಲಿ ಇಂಥ ವಾದ ಹೊಳೆಯುವುದು ಕಷ್ಟ.

ಓದು ಇಲ್ಲದ್ದರಿಂದಲೇ ಅವರಿಗೆ ಇದು ಬಂತು ಎಂಬುದು ನಿಮ್ಮ ಗುಮಾನಿ. ಅದನ್ನು ನಾನು ಒಪ್ಪುವುದಿಲ್ಲ. ಓದಲು ಬಾರದವರಲ್ಲೂ ದೇವರನ್ನು ಬರೀ ಹೆದರಿಕೆಗೆ ಇಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅತ್ತೆಗೆ ಅದು ಬಂದದ್ದು ನಡೆದು ನಡೆದು. ಆ ದಾರಿ ಸಣ್ಣದಲ್ಲ. ಯುಗಾದಿಯ ಮುಂಚಿನ ಬಿಸಿಲು. ರಾಯಚೂರು ಕಡೆಯ ಡಾಂಬರು ರಸ್ತೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲದ ಕಾಡು. ನಾಗಲೂಟಿ, ಪೆಚ್ಚೆರವು, ಭೀಮನಕೊಳ್ಳ ಹತ್ತಿಳಿದು ಕೈಲಾಸ ದ್ವಾರ ಮುಟ್ಟಬೇಕು. ಮರಗಾಲು ಕಟ್ಟಿಕೊಂಡು ಹೋಗುವವರೂ ಇದ್ದಾರೆ. ದಾರಿಯ ಊರಿನವರು ಮಜ್ಜಿಗೆ ಕೊಟ್ಟು, ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಇಡೀ ದಾರಿ ಮಲ್ಲಯ್ಯನ ಹೆಸರು ಕೂಗುತ್ತ, ಜಗಳ ಆಡುತ್ತ, ಅಳುತ್ತ ವರ್ಷ ವರ್ಷ ಹೋದವರಿಗೆ ಐಸಿಯು ಹೊರಗೆ ಕೂತಾಗ ಮಾತು ಹುಡುಕುವ ಪ್ರಸಂಗ ಬರುವುದಿಲ್ಲ. ಅವರು ಹೊಸದಾಗಿ ಏನನ್ನೂ ಶುರು ಮಾಡಲಿಲ್ಲ. ಮೊದಲಿಂದ ನಡೆಯುತ್ತಿದ್ದ ಮಾತುಕತೆ ಆ ಕುರ್ಚಿಯಲ್ಲೂ ನಡೆಯಿತು, ಅಷ್ಟೇ.

ಈಗ ನಿಮ್ಮ ವಿಷಯ. ವಚನ ಅಡ್ಡ ಬಂತು ಎಂದಿರಿ. ನನಗೆ ಹಾಗನ್ನಿಸುವುದಿಲ್ಲ. ವಚನವನ್ನು ನಾವು ಕಲಿತ ಬಗೆ ಅಡ್ಡ ಬಂದಿರಬಹುದು. ಶಾಲೆಯಲ್ಲಿ ಏನು ಹೇಳಿಕೊಡುತ್ತೇವೆ? ಕೊನೆಯ ಸಾಲಲ್ಲಿ ಬರುವುದು ಅಂಕಿತ, ಅದರಿಂದ ಬರೆದವರು ಯಾರೆಂದು ಗುರುತಿಸಬೇಕು, ಒಂದು ಅಂಕ. ಕೂಡಲಸಂಗಮದೇವಾ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನಾ ಎಂದರೆ ಅಕ್ಕಮಹಾದೇವಿ. ಪರೀಕ್ಷೆಗೆ ಇದು ಸರಿ. ಆದರೆ ಬಸವಣ್ಣನವರು ಅಲ್ಲಿ ಸಹಿ ಹಾಕುತ್ತಿಲ್ಲವಲ್ಲ. ಕರೆಯುತ್ತಿದ್ದಾರೆ. ಎದುರಿಗೆ ಇರುವವನಿಗೆ ಹೇಳುವುದನ್ನೆಲ್ಲ ಹೇಳಿ, ಕೇಳಿಸಿತೇ ಎಂದು ಹೆಸರು ಹಿಡಿದು ಕೂಗುತ್ತಿದ್ದಾರೆ. ಎಷ್ಟೋ ವಚನಗಳಲ್ಲಿ ತಕರಾರಿದೆ, ನಾಚಿಕೆ ಇದೆ, ಸಿಟ್ಟಿದೆ, ನಿನ್ನ ಬಿಟ್ಟರೆ ನನಗೆ ಗತಿ ಯಾರು ಎಂಬ ಹಟ ಇದೆ. ಅವು ಒಂದು ಕಡೆಯಿಂದ ಮಾತ್ರ ಕೇಳಿಸುವ ಮಾತುಕತೆಗಳು. ನಾವು ಅವನ್ನು ಸಭೆಯ ಕಡೆ ಮುಖ ಮಾಡಿ ಹೇಳಿ ರೂಢಿಯಾಗಿದೆ. ಆಸ್ಪತ್ರೆಯಲ್ಲಿ ನಿಮ್ಮ ಎದುರು ಸಭೆ ಇರಲಿಲ್ಲ. ಹಾಗಾಗಿ ಭಾವಾರ್ಥ ಕೇಳಲು ಯಾರೂ ಇಲ್ಲದೆ ಒದ್ದಾಡಿದಿರಿ.

ಅಂದಹಾಗೆ ಅತ್ತೆಯ ಅಳಿಯ ಮಲ್ಲಯ್ಯನೇ ಅಕ್ಕನಿಗೆ ಗಂಡ. ಅದೇ ಶ್ರೀಶೈಲ, ಅದೇ ಮಲ್ಲಿಕಾರ್ಜುನ. ಇತ್ತ ಅಥಣಿ, ಚಿಕ್ಕೋಡಿ ಕಡೆಯಿಂದ ಆಷಾಢದಲ್ಲಿ ದಿಂಡಿ ಕಟ್ಟಿಕೊಂಡು, ಅಂದರೆ ತಂಡವಾಗಿ ಹಾಡುತ್ತ ನಡೆದು ಹೋಗುವವರನ್ನು ಕೇಳಿ, ಪಂಢರಪುರದ ವಿಠ್ಠಲ ಅವರಿಗೆ ತಾಯಿ. ಮೀಸೆ ಇರುವ ರೈತರು ಇಟ್ಟಿಗೆ ಮೇಲೆ ನಿಂತ ದೇವರನ್ನು ಅವ್ವಾ ಎಂದು ಕರೆದು ಅಳುತ್ತಾರೆ. ಯಾರೂ ನಗುವುದಿಲ್ಲ. ನಮ್ಮ ಸೀಮೆಯಲ್ಲಿ ದೇವರಿಗೆ ನಂಟು ಹಚ್ಚದೆ ಮಾತಾಡುವ ರೂಢಿಯೇ ಕಡಿಮೆ. ಅದನ್ನು ಬಿಟ್ಟದ್ದು ನಾವು ನಾಲ್ಕು ಅಕ್ಷರ ಕಲಿತು ಭಾಷಣಕ್ಕೆ ನಿಂತವರು.

ನೋಟ್‌ಬುಕ್ಕುಗಳ ವಿಷಯ. ದಯವಿಟ್ಟು ರದ್ದಿಗೆ ಹಾಕಬೇಡಿ. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆ, ಮಠ ಮಠ ತಿರುಗಿ ತಾಡೋಲೆ ಕಟ್ಟುಗಳನ್ನು ಹುಡುಕಿದರು. ಎಷ್ಟೋ ಮನೆಗಳಲ್ಲಿ ಆ ಕಟ್ಟುಗಳು ದೇವರ ಜಗಲಿ ಮೇಲೆ ಇದ್ದವು. ಹೂವು, ವಿಭೂತಿ, ಊದಿನಕಡ್ಡಿ ಎಲ್ಲ ಸಲ್ಲುತ್ತಿತ್ತು. ಬಿಚ್ಚಿ ಓದುವವರು ಮಾತ್ರ ಇರಲಿಲ್ಲ. ಹಳಕಟ್ಟಿಯವರು ಅವನ್ನು ಬಿಚ್ಚಿದರು, ನಕಲು ಮಾಡಿದರು, 1923ರಲ್ಲಿ ವಚನಗಳ ದೊಡ್ಡ ಸಂಗ್ರಹವೊಂದನ್ನು ಅಚ್ಚಿಗೆ ತಂದರು, 1926ರಲ್ಲಿ ಅದಕ್ಕೆಂದೇ ಪತ್ರಿಕೆ ಶುರು ಮಾಡಿದರು. ಆ ಕೆಲಸ ಆಗದಿದ್ದರೆ ನಿಮಗೆ ಬಾಯಿಪಾಠ ಮಾಡಲು ವಚನಗಳು ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಆಗಿನವರು ಓದದೆ ಪೂಜೆ ಮಾಡಿದರು. ನಾವು ಓದಿ, ಅರ್ಥ ಹೇಳಿ, ಚೀಟಿ ಹಚ್ಚಿ ಇಟ್ಟೆವು. ಈಗಂತೂ ಬೆಳಿಗ್ಗೆ ಎದ್ದ ಕೂಡಲೇ ಹೂವಿನ ಚಿತ್ರದ ಮೇಲೆ ಒಂದು ವಚನ ಬರೆದು ಐವತ್ತು ಜನಕ್ಕೆ ಫಾರ್ವರ್ಡ್ ಮಾಡುವುದೇ ಭಕ್ತಿ. ಓದಿದ್ದನ್ನು ಯಾರಿಗೆ ಹೇಳಬೇಕಿತ್ತೋ ಅವನಿಗೊಬ್ಬನಿಗೆ ಬಿಟ್ಟು ಎಲ್ಲರಿಗೂ ತಲುಪುತ್ತದೆ.

ನಿಮ್ಮ ಟ್ರಂಕಿನಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನದ ನೋಟ್‌ಬುಕ್ಕುಗಳೂ ಇರಬಹುದು. ನಮ್ಮ ಕಡೆ ಬೆಳಗಿನ ಚಳಿಯಲ್ಲಿ ಹೋಗಿ ಬರೆದುಕೊಂಡವರ ಮನೆಯಲ್ಲಿ ಅವು ಇದ್ದೇ ಇರುತ್ತವೆ. ತಮಗೆ ಸ್ಮಾರಕ ಕಟ್ಟಬೇಡಿ, ದೇಹವನ್ನು ಬೆಂಕಿಗೆ ಕೊಡಿ ಎಂದು ಅವರು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಹೋದರು, ಅವರು ಹೇಳಿದಂತೆಯೇ ಆಯಿತು. ಮಂದಿ ತನ್ನ ಹತ್ತಿರವೇ ನಿಂತುಬಿಡಬಾರದು ಎಂಬ ಎಚ್ಚರ ಅದರಲ್ಲಿತ್ತು ಎಂದು ನನಗೆ ಅನಿಸುತ್ತದೆ. ಟ್ರಂಕನ್ನು ಇಟ್ಟುಕೊಳ್ಳಿ, ಅಲ್ಲಿಗೇ ನಿಲ್ಲಬೇಡಿ.

ಹಾಗಾದರೆ ಮಾತು ಎಲ್ಲಿಂದ ಶುರು ಮಾಡುವುದು? ಇದಕ್ಕೆ ನಮ್ಮ ಹಿರಿಯ ಹೆಣ್ಣುಮಕ್ಕಳು ಕಂಡುಕೊಂಡ ಜಾಗ ಬೀಸುಕಲ್ಲು. ನಸುಕಿನಲ್ಲಿ ಎದ್ದು ಜೋಳ ಬೀಸಲು ಕೂತರೆ ಮೊದಲು ಶಿವನ ಹೆಸರು, ಆಮೇಲೆ ತವರು, ಅಣ್ಣ, ಅತ್ತೆಮನೆಯ ದುಃಖ. ಎಲ್ಲ ಒಂದೇ ಹಾಡಿನಲ್ಲಿ. ದೇವರಿಗೆ ಬೇರೆ, ಸಂಸಾರಕ್ಕೆ ಬೇರೆ ಎಂದು ಗೆರೆ ಎಳೆದಿರಲಿಲ್ಲ. ವಿಜಯಪುರದ ಸೂಫಿಗಳಿಗೂ ಈ ಗುಟ್ಟು ಗೊತ್ತಿತ್ತು. ಆದಿಲ್‌ಶಾಹಿ ಕಾಲದಲ್ಲಿ ಅವರು ಪಾರ್ಸಿಯಲ್ಲಿ ದೊಡ್ಡ ಗ್ರಂಥ ಬರೆದರು, ಜೊತೆಗೆ ದಖನಿಯಲ್ಲಿ, ಅಂದರೆ ಈ ಕಡೆಯ ಉರ್ದುವಿನಲ್ಲಿ, ಬೀಸುವ ಹಾಡನ್ನೂ ಕಟ್ಟಿದರು. ಚಕ್ಕಿನಾಮಾ ಎಂದು ಅದಕ್ಕೆ ಹೆಸರು. ಕಲ್ಲಿನ ಗೂಟ ಅರಬಿಯ ಮೊದಲ ಅಕ್ಷರ, ನೆಟ್ಟಗೆ ನಿಂತ ಅಲಿಫ್‌ನ ಹಾಗಿದೆ, ಅಲ್ಲಾಹುವಿನ ಹೆಸರು ಅದರಿಂದಲೇ ಶುರು ಎಂದು ಹೇಳುವ ಹಾಡು. ಗ್ರಂಥ ಓದಲಾರದ ಹೆಣ್ಣುಮಗಳು ಗೂಟ ಹಿಡಿದೇ ದೇವರ ಹೆಸರು ಹಿಡಿದಳು. ಗೋಳಗುಮ್ಮಟದ ಪಿಸುಮಾತು ಕೇಳಲು ಬರುವ ಪ್ರವಾಸಿಗರಿಗೆ ಈ ಊರಿನ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಹೋಗಲಿ.

ನಿಮ್ಮ ಮನೆಯಲ್ಲಿ ಬೀಸುಕಲ್ಲು ಇರಲಿಕ್ಕಿಲ್ಲ. ಆದರೆ ಕೊರಳಲ್ಲಿ ಇಷ್ಟಲಿಂಗ ಇಡುವ ಕರಡಿಗೆ ಇದೆ. ಹೆಣ್ಣು ಗಂಡು ಎನ್ನದೆ, ನಡುವೆ ಪೂಜಾರಿ ಇಲ್ಲದೆ, ದೇವರನ್ನು ಅಂಗೈಗೇ ತಂದುಕೊಟ್ಟ ದಾರಿ ನಿಮ್ಮದು. ಲಿಂಗ ಎಡ ಅಂಗೈ ಮೇಲೆ ಇರುತ್ತದೆ, ಕಣ್ಣಿಗೂ ಅದಕ್ಕೂ ಗೇಣುಗಳ ಅಂತರ. ಇದಕ್ಕಿಂತ ಹತ್ತಿರ ಇನ್ನೆಲ್ಲಿ? ನಾಳೆಯಿಂದ ಇಷ್ಟು ಮಾಡಿ ನೋಡಿ. ಮೊದಲು ಗ್ಯಾಸ್ ಆರಿಸಿ ಬನ್ನಿ. ವಿಭೂತಿ ಹಚ್ಚಿ, ಪತ್ರಿ ಏರಿಸಿದ ಮೇಲೆ ಬಾಯಿಪಾಠದ ವಚನ ಹೇಳಬೇಡಿ. ಸುಮ್ನೆ ನೋಡುತ್ತ ಕೂತು, ಅವತ್ತಿನ ಒಂದು ಸಂಗತಿ ಹೇಳಿ. ದೊಡ್ಡದೇ ಆಗಬೇಕೆಂದಿಲ್ಲ. ಯಜಮಾನರು ಮಾತ್ರೆ ಬಿಟ್ಟದ್ದು, ಮಗ ಫೋನ್ ಮಾಡದ್ದು, ಸೊಸೆಯ ಮೇಲಿನ ಸಣ್ಣ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚನ್ನು ಬಿಡದೆ ಹೇಳಿ, ಅದೇ ಮುಖ್ಯ. ಪಾಠದ ಕನ್ನಡ ಬೇಡ, ಅಡುಗೆಮನೆಯ ಕನ್ನಡ ಸಾಕು. ಬಾಯಿಬಿಟ್ಟು ಹೇಳಿ, ಮನಸ್ಸಿನಲ್ಲಿ ಅಂದುಕೊಂಡರೆ ಅದು ಬೇಗ ಚಿಂತೆಯಾಗಿ ಬಿಡುತ್ತದೆ.

ನಾಟಕ ಅನಿಸುತ್ತದೆ ಎಂದಿರಿ. ಅನಿಸಲಿ. ಮದುವೆಯಾಗಿ ಬಂದ ಹೊಸದರಲ್ಲಿ ಗುರುತಿಲ್ಲದ ಹೆಂಗಸನ್ನು ಅತ್ತೆ ಎಂದು ಕರೆಯುವಾಗ ನಿಮಗೆ ನಾಲಿಗೆ ತೊಡರಲಿಲ್ಲವೇ? ಇವತ್ತು ಅವರ ಹರಕೆ ತೀರಿಸುವ ಮಾತಾಡುತ್ತಿದ್ದೀರಿ. ಕರೆದು ಕರೆದೇ ನಂಟು ಗಟ್ಟಿಯಾಗುತ್ತದೆ. ಅಷ್ಟು ಮಾಡಿ ಒಂದಿಷ್ಟು ದಿನ ಕಳೆದ ಮೇಲೆ ಯಾವುದೋ ಹೊತ್ತಿಗೆ ವಚನದ ಒಂದು ಸಾಲು ತಾನಾಗಿ ಬಾಯಿಗೆ ಬರಬಹುದು. ಬಂದರೆ ತಡೆಯಬೇಡಿ. ಅವತ್ತು ಅದರ ಬೆನ್ನಿಗೆ ಭಾವಾರ್ಥ ಬರುವುದಿಲ್ಲ.

ದೇವರು ಉತ್ತರ ಕೊಡುತ್ತಾನೋ? ನಾನು ಮಾತು ಕೊಡಲಾರೆ. ಕೊಡುವವರ ಹತ್ತಿರ ಹೋಗಬೇಡಿ, ಅವರ ಹಿಂದೆಯೇ ರಸೀದಿ ಪುಸ್ತಕ ಇರುತ್ತದೆ. ಒಂದು ಮಾತು ಕಟುವಾಗಿ ಕಾಣಬಹುದು, ಆದರೂ ಹೇಳಬೇಕು. ನಿಮ್ಮ ಯಜಮಾನರು ಮನೆಗೆ ಬಂದರು. ಆ ಕುರ್ಚಿಗಳಲ್ಲಿ ಕೂತ ಎಲ್ಲರ ಮನೆಯವರೂ ಹಾಗೆ ಬರುವುದಿಲ್ಲ. ಅವರಲ್ಲೂ ದೇವರನ್ನು ಜೋರಾಗಿ ಕರೆದವರು ಇದ್ದರು. ಅತ್ತೆ ಗದರಿಸಿದ್ದಕ್ಕೆ ಮಲ್ಲಯ್ಯ ಹೆದರಿ ಕೆಲಸ ಮಾಡಿಕೊಟ್ಟ ಎಂದು ತಿಳಿದರೆ ಆ ಮನೆಗಳಿಗೆ ನಾವು ಏನು ಹೇಳುವುದು? ಮಗ ಉಳಿಯದಿದ್ದರೆ ಅತ್ತೆ ಏನು ಮಾಡುತ್ತಿದ್ದರು ಎಂದು ಅವರನ್ನೇ ಕೇಳಬಹುದು. ನನ್ನ ಊಹೆ, ಒಂದೆರಡು ವರ್ಷ ಮಲ್ಲಯ್ಯನ ಜೊತೆ ಮಾತು ಬಿಡುತ್ತಿದ್ದರು. ಮಾತು ಬಿಡಬೇಕೆಂದರೂ ಮೊದಲು ಮಾತು ಇರಬೇಕು. ಕೇಳಿದ್ದು ಸಿಕ್ಕಾಗ ಮಾತ್ರ ನಡೆಯುವುದನ್ನು ನಾವು ಅಂಗಡಿಯಲ್ಲಿ ಮಾಡುತ್ತೇವೆ. ಬೀಗಸ್ತನದಲ್ಲಿ ಮುನಿಸೂ ಇದೆ, ವರ್ಷಗಟ್ಟಲೆ ಮುಖ ನೋಡದೆ ಇರುವುದೂ ಇದೆ, ಮತ್ತೆ ಯಾವುದೋ ಹಬ್ಬಕ್ಕೆ ಹೋಗಿ ಬಾಗಿಲಲ್ಲಿ ನಿಲ್ಲುವುದೂ ಇದೆ.

ಕೊನೆಯದು, ಹರಕೆ. ಹೋಗಿ ಬನ್ನಿ. ಆದರೆ ಸಾಲ ತೀರಿಸಲು ಹೋಗಬೇಡಿ, ಅತ್ತೆಯ ಪರವಾಗಿ ಮನೆಮಗಳನ್ನು ನೋಡಿ ಬರಲು ಹೋಗಿ. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ತಂಡಗಳು ಹೊರಡುತ್ತವೆ. ಈಗಿನಿಂದಲೇ ದಿನಾ ಬೆಳಿಗ್ಗೆ ನಡೆದು ಕಾಲು ರೂಢಿ ಮಾಡಿಕೊಳ್ಳಿ. ಹೊಸ ಚಪ್ಪಲಿ ಬೇಡ, ಬೊಬ್ಬೆ ಬರುತ್ತವೆ. ಮೊಣಕಾಲು ಕೇಳದಿದ್ದರೆ ಆತ್ಮಕೂರಿನ ತನಕ ಬಸ್ಸಿನಲ್ಲಿ ಹೋಗಿ ಕಾಡಿನ ದಾರಿ ಮಾತ್ರ ನಡೆಯಿರಿ, ಬಸ್ಸು ಹತ್ತಿದ್ದಕ್ಕೆ ಸಂಕೋಚ ಬೇಡ. ದಾರಿಯಲ್ಲಿ ಯಾರಾದರೂ ನಿಮ್ಮನ್ನು ಟೀಚರ್ ಎಂದು ಗುರುತು ಹಿಡಿದು ನಾಲ್ಕು ಮಾತು ಹೇಳಿ ಎಂದರೆ ಗಂಟಲು ಕೆಟ್ಟಿದೆ ಎಂದುಬಿಡಿ.

ಅಲ್ಲಿ ಮಲ್ಲಯ್ಯನನ್ನು ಏನೆಂದು ಕರೆಯುವುದು ಎಂದು ನೀವು ಕೇಳಿಲ್ಲ, ಆದರೂ ಲೆಕ್ಕ ಹಾಕಿದೆ. ಅತ್ತೆಗೆ ಭ್ರಮರಾಂಬೆ ಮಗಳಾದರೆ ನಿಮಗೆ ನಾದಿನಿ. ನಾದಿನಿಯ ಗಂಡ ನಮ್ಮ ಕಡೆ ಅಣ್ಣನ ಸಾಲಿಗೆ ಬರುತ್ತಾನೆ. ಅತ್ತೆಯ ಹಾಗೆ ಗದರಿಸುವ ಸಲಿಗೆ ನಿಮಗಿಲ್ಲ, ಆದರೆ ಅಣ್ಣನ ಹತ್ತಿರ ಹೇಳಿಕೊಳ್ಳಬಹುದಾದ್ದು ಬೇಕಾದಷ್ಟು ಇರುತ್ತದೆ. ನಾದಿನಿಯ ಹತ್ತಿರ ಮಾತ್ರ ಹುಷಾರಾಗಿರಿ. ತವರಿನಿಂದ ಬಂದ ಸೀರೆಗೆ ಹೆಸರು ಇಡದ ನಾದಿನಿ ಇಲ್ಲ. ಇಳಕಲ್ ಸೀರೆಯನ್ನೇ ಒಯ್ಯಿರಿ, ಕುಪ್ಪಸದ ಖಣ ನಿಮ್ಮ ಗುಳೇದಗುಡ್ಡದ್ದೇ ಇರಲಿ, ಬಣ್ಣ ಯಾವುದೆಂದು ಅತ್ತೆಯನ್ನು ಕೇಳಿ ತೆಗೆಯಿರಿ.